ಹೊಲಿಗೆ ಮಿಷನ್ನಿನ ಕೆಳಗೆ

ಕಿವಿ ಮಂದವಾದವರ ಮನೆಗೆ ಹೋಗಿ ಲೂಪ್ ಹಾಕಿಕೊಡುವುದು ಅವಳ ಕಸುಬು. ಕೋಣೆಯ ಸುತ್ತ ಒಂದು ತೆಳ್ಳನೆಯ ತಂತಿ ಎಳೆದು, ಅದರ ಎರಡು ತುದಿಗಳನ್ನು ಒಂದು ಡಬ್ಬಿಗೆ ಸೇರಿಸಿ, ಡಬ್ಬಿಗೊಂದು ಮೈಕು ಸಿಕ್ಕಿಸಬೇಕು. ಆ ತಂತಿಯ ಸುತ್ತಿನೊಳಗೆ ಕೂತವರು ತಮ್ಮ ಕಿವಿಯ ಯಂತ್ರದ ಗುಂಡಿಯನ್ನು ‘ಟಿ’ ಎಂದು ಬರೆದಲ್ಲಿಗೆ ಸರಿಸಿದರೆ ಸಾಕು, ಮೈಕಿನ ಮುಂದೆ ಆಡಿದ ಮಾತು ಸದ್ದುಗದ್ದಲ ಯಾವುದೂ ಬೆರೆಯದೆ ಕಿವಿಯೊಳಗೇ ಆಡಿದಷ್ಟು ಸ್ಪಷ್ಟವಾಗಿ ಕೇಳುತ್ತದೆ. ಹಗಲೆಲ್ಲ ವೈರಿನ ಸುರುಳಿ ಹೊತ್ತು ತಿರುಗುವವಳಾದ್ದರಿಂದ ಎಲ್ಲರೂ ಅವಳನ್ನು ವೈರಕ್ಕ ಎಂದೇ ಕರೆಯುತ್ತಿದ್ದರು. “ನನಗೆ ಯಾರ ಮೇಲೂ ವೈರ ಇಲ್ಲಪ್ಪಾ, ಇರೋದೆಲ್ಲಾ ಹೆಗಲ ಮೇಲೆ” ಎಂದು ಅವಳೂ ನಗುತ್ತಿದ್ದಳು.

ಅವತ್ತು ಅವಳು ಹೋದದ್ದು ಮಿಲ್ಲಮ್ಮನ ಮನೆಗೆ. ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಇಡೀ ಹರೆಯ ಕಳೆದ ಹೆಂಗಸು. ಮಗ್ಗಗಳ ಹೊಡೆತಕ್ಕೆ ಎರಡೂ ಕಿವಿ ಹೋಗಿದ್ದವು. ತನ್ನ ಮಾತು ತನಗೇ ಕೇಳದ ಕಾರಣ ಆಡುವುದೆಲ್ಲ ಬೀದಿಗೇ ಕೇಳುವಷ್ಟು ಜೋರು. ದೂರದ ಊರಿನಲ್ಲಿ ಮಗಳಿಗೆ ಮಗುವಾಗಿತ್ತು. ಮಿಲ್ಲಮ್ಮನ ಗಂಡ ಮೊದಲೇ ಹೋಗಿ ಕೂತಿದ್ದ. ಮಿಲ್ಲಮ್ಮ ಅವತ್ತು ಸಂಜೆಯ ರೈಲಿಗೆ ಹೊರಟು, ಒಂದು ತಿಂಗಳು ಅಲ್ಲಿದ್ದು, ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಬರುವವಳು.

“ಮಗು ಈ ಮನೆಗೆ ಬರೋ ಹೊತ್ತಿಗೆ ಎಲ್ಲಾ ರೆಡಿ ಇರಬೇಕು ನೋಡು” ಎಂದಿದ್ದಳು ವೈರಕ್ಕನಿಗೆ. “ಅದು ಅತ್ತರೆ ನನಗೆ ಕೇಳಿಸಬೇಕು. ಬೇರೆ ಯಾರೂ ಬಂದು ನನಗೆ ಹೇಳಬಾರದು, ಮಗು ಅಳ್ತಿದೆ ಅಂತ.”

ಆ ಮನೆಯ ನೆಲ ಮರದ ಹಲಗೆಯದು, ಪಡಸಾಲೆಯಲ್ಲಿ ಅದರ ಮೇಲೆ ಗೋಡೆಯಿಂದ ಗೋಡೆಗೆ ಅಂಟಿಸಿದ ದಪ್ಪ ಕಾರ್ಪೆಟ್ಟು. ಕಾರ್ಪೆಟ್ಟು ಕೀಳಬಾರದು, ಗೋಡೆಯ ಮೇಲೆ ತಂತಿ ಕಾಣಬಾರದು ಎಂದು ಮಿಲ್ಲಮ್ಮ ಹಟ ಹಿಡಿದಿದ್ದರಿಂದ ಉಳಿದದ್ದು ಒಂದೇ ದಾರಿ, ನೆಲದ ಕೆಳಗಿನಿಂದ ಎಳೆಯುವುದು. ಹಲಗೆಗೂ ಮಣ್ಣಿಗೂ ನಡುವೆ ಮೊಣಕಾಲೆತ್ತರದ ಪೊಳ್ಳು ಇತ್ತು. ಅದಕ್ಕಿಳಿಯಲು ಪಡಸಾಲೆಯ ಹೊರಗಿನ ಓಣಿಯಂಥ ನಡುಮನೆಯಲ್ಲಿ ಒಂದು ಚೌಕದ ಬಾಗಿಲು. ಆ ಬಾಗಿಲ ಮೇಲೆ ಎರಕದ ಕಬ್ಬಿಣದ ಕಾಲಿನ ಹಳೆಯ ಹೊಲಿಗೆ ಮಿಷನ್ನು ಕೂತಿತ್ತು. ಇಬ್ಬರೂ ಸೇರಿ, “ಹಾಂ... ಇನ್ನೊಂಚೂರು...” ಎನ್ನುತ್ತ ಅದನ್ನು ಪಕ್ಕಕ್ಕೆ ತಳ್ಳಿದ್ದರು.

ಹೊರಗೆ ಬೀದಿಯನ್ನು ಯಾವುದೋ ಕೊಳವೆಗಾಗಿ ಬೆಳಗಿನಿಂದ ಅಗೆಯುತ್ತಿದ್ದರು. ಯಂತ್ರದ ಗಡಗಡಕ್ಕೆ ಕಿಟಕಿಯ ಗಾಜುಗಳು ಅದುರುತ್ತಿದ್ದವು. ಸ್ಕೂಟರನ್ನು ಒಳಗೆ ತರಲಾಗದೆ ವೈರಕ್ಕ ದೊಡ್ಡ ರಸ್ತೆಯ ತಿರುವಿನಲ್ಲೇ ನಿಲ್ಲಿಸಿ ಬಂದಿದ್ದಳು.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಕೆಲಸ ಮುಗಿಯಿತು. ಮೈಕನ್ನು ಟಿವಿಯ ಪಕ್ಕದ ಕಪಾಟಿನಲ್ಲಿಟ್ಟು, ಮಿಲ್ಲಮ್ಮನನ್ನು ಸೋಫಾದ ಮೇಲೆ ಕೂರಿಸಿ, ಅವಳ ಎರಡೂ ಯಂತ್ರಗಳ ಗುಂಡಿಯನ್ನು ‘ಟಿ’ಗೆ ಸರಿಸಿ, ವೈರಕ್ಕ ಮೈಕಿನ ಮುಂದೆ ಪಿಸುಗುಟ್ಟಿದಳು: “ಅಜ್ಜಿ ಆದ್ರಲ್ಲಾ, ಸಿಹಿ ಎಲ್ಲಿ?”

ಮಿಲ್ಲಮ್ಮ ಬೆಚ್ಚಿ ಎರಡೂ ಕೈಗಳನ್ನು ಕೆನ್ನೆಗಿಟ್ಟುಕೊಂಡಳು. “ಅಯ್ಯೋ, ನೀನು ಪಿಸುಗುಟ್ಟಿದ್ದಾ? ನಿನ್ನ ದನಿ ಹೀಗಿದೆಯಾ? ನಾನು ಗಂಡಸಿನ ದನಿ ಅಂದ್ಕೊಂಡಿದ್ನಲ್ಲೇ!” ಎಂದು ನಗುತ್ತ ಅತ್ತಳು. ಆಮೇಲೆ ಟಿವಿ ಹಾಕಿಕೊಂಡು, ಯಾವುದೋ ಅಡುಗೆ ಕಾರ್ಯಕ್ರಮದಲ್ಲಿ ಎಣ್ಣೆ ಚಟಪಟ ಎನ್ನುವುದನ್ನು ಬಾಯಿ ಬಿಟ್ಟುಕೊಂಡು ಕೇಳುತ್ತ ಕೂತುಬಿಟ್ಟಳು.

ಆಗಲೇ ವೈರಕ್ಕನಿಗೆ ನೆನಪಾದದ್ದು. ನೆಲದ ಕೆಳಗಿನ ದೂರದ ಮೂಲೆಯಲ್ಲಿ ತಂತಿ ಹಿಡಿದಿಡುವ ಒಂದು ಕ್ಲಿಪ್ಪಿಗೆ ಮೊಳೆ ಸರಿಯಾಗಿ ಕಚ್ಚಿರಲಿಲ್ಲ. ಬಿಟ್ಟು ಹೋದರೆ ತಂತಿ ಜೋಲುತ್ತದೆ, ಇಲಿ ಕಡಿಯುತ್ತದೆ. ನಡುಮನೆಗೆ ಬಂದು ನೆಲಬಾಗಿಲಿಗೆ ಬಗ್ಗುತ್ತ, “ಒಂದು ಕ್ಲಿಪ್ ನೋಡ್ಕೊಂಡು ಬಂದ್ಬಿಡ್ತೀನಿ ಅಮ್ಮಾ” ಎಂದಳು. ಬೆನ್ನು ತಿರುಗಿಸಿ, ಮೈಕಿನಿಂದ ದೂರ ನಿಂತು ಹೇಳಿದ ಮಾತು. ಕಿವುಡರೊಂದಿಗೆ ಮುಖ ನೋಡಿ ಮಾತಾಡಬೇಕು ಎನ್ನುವುದು ಅವಳ ಕಸುಬಿನ ಮೊದಲ ಪಾಠ. ಆದರೆ ಕೆಲಸ ಮುಗಿದ ಹಗುರದಲ್ಲಿ ಯಾರಿಗೆ ಪಾಠ ನೆನಪಿರುತ್ತದೆ?

ತಲೆಗೆ ಕಟ್ಟಿದ ಟಾರ್ಚು, ಕೈಯಲ್ಲಿ ಸುತ್ತಿಗೆ, ಏಪ್ರನ್ನಿನ ಜೇಬಿನಲ್ಲಿ ಇಕ್ಕಳ, ಕೊರಳಲ್ಲಿ ಪರೀಕ್ಷೆಯ ಪುಟ್ಟ ಡಬ್ಬಿ. ಅದಕ್ಕೊಂದು ಇಯರ್‌ಫೋನು, ಲೂಪಿನಲ್ಲಿ ಹರಿಯುವ ಸದ್ದು ಎಲ್ಲೆಲ್ಲಿ ಸಿಗುತ್ತದೆಂದು ಕೇಳಿ ನೋಡಲು. ಅವಳು ಹೊಟ್ಟೆಯ ಮೇಲೆ ತೆವಳುತ್ತ ಇಟ್ಟಿಗೆಯ ಕಂಬಗಳನ್ನು ಬಳಸಿ ತುದಿಯ ಮೂಲೆ ಸೇರಿದಳು. ಮೊಳೆ ಹೊಡೆಯುತ್ತಿರುವಾಗ ಹಿಂದಿನಿಂದ ಮಿಲ್ಲಮ್ಮನ ದನಿ ಕೇಳಿತು. ನೆಲಬಾಗಿಲಿಗೆ ಬಾಯಿಟ್ಟು ಕೂಗುತ್ತಿದ್ದಳು.

“ಒಳಗಿದ್ದೀಯೇನೇ?”

“ಇದ್ದೀನಿ ಅಮ್ಮಾ!” ಎಂದಳು ವೈರಕ್ಕ.

“ಏ ಹುಡುಗೀ, ಇದ್ದೀಯಾ?”

“ಇದ್ದೀನೀ! ಬಂದೆ, ಬಂದೆ!”

“ನೋಡು, ಹೇಳದೇ ಕೇಳದೇ ಹೊರಟೇಹೋದಳು” ಎಂದು ಮಿಲ್ಲಮ್ಮ ತನಗೆ ತಾನೇ ಹೇಳಿಕೊಂಡಳು.

ವೈರಕ್ಕನಿಗೆ ನಗು ಬಂತು. ಮರುಕ್ಷಣವೇ ನಗು ನಿಂತುಹೋಯಿತು. ಮಿಲ್ಲಮ್ಮನ ಯಂತ್ರಗಳು ಇನ್ನೂ ‘ಟಿ’ಯ ಮೇಲೇ ಇವೆ. ಹಾಗಿದ್ದಾಗ ಪಕ್ಕದಲ್ಲಿ ನಿಂತು ಕಿರುಚಿದರೂ ಅವಳಿಗೆ ಕೇಳುವುದಿಲ್ಲ. ದಬ್ ಎಂದು ಬಾಗಿಲು ಬಿತ್ತು. ಆಮೇಲೆ ಹಲಗೆಯ ಮೇಲೆ ಕಬ್ಬಿಣ ಎಳೆಯುವ ಗರಗರ ಸದ್ದು; ನಿಂತು ನಿಂತು, ಉಸಿರು ತೆಗೆದುಕೊಂಡು, ಮತ್ತೆ ಗರಗರ. ಹೊಲಿಗೆ ಮಿಷನ್ನು ತನ್ನ ಜಾಗಕ್ಕೆ ಬಂದು ಕೂತಿತು.

ಅವಳು ತೆವಳಿದ ವೇಗಕ್ಕೆ ಮೊಣಕೈಗಳ ಚರ್ಮ ಸುಲಿಯಿತು. ಬಾಗಿಲ ಕೆಳಗೆ ಬಂದು, ಅಂಗಾತ ಮಲಗಿ, ಎರಡೂ ಅಂಗೈಗಳಿಂದ ಮೇಲಕ್ಕೆ ಒತ್ತಿದಳು. ಕಾಲುಗಳನ್ನು ಮಡಚಿ ಮೊಣಕಾಲು ಕೊಟ್ಟು ಒತ್ತಿದಳು. ಏಳಲು ಕೂರಲು ಎತ್ತರವಿಲ್ಲದ ಜಾಗದಲ್ಲಿ ಮೈಯ ಬಲ ಎಲ್ಲಿಂದ ತರಬೇಕು? ಹಲಗೆ ಒಂದು ಕೂದಲೆಳೆಯಷ್ಟೂ ಮಿಸುಕಲಿಲ್ಲ. “ಅಮ್ಮಾ! ಮಿಲ್ಲಮ್ಮಾ! ಇಲ್ಲಿದ್ದೀನಿ!” ಎಂದು ಗಂಟಲು ಹರಿಯುವಂತೆ ಕೂಗಿದಳು. ಕೂಗಿದ ಹಾಗೆಲ್ಲ ಮಣ್ಣಿನ ಧೂಳು ಬಾಯಿಗೆ ಬಂತು. ಮೊಬೈಲಿಗಾಗಿ ಜೇಬು ಮುಟ್ಟಿಕೊಂಡಳು. ಮೊಬೈಲು ಮೇಲೆ ಬ್ಯಾಗಿನಲ್ಲಿತ್ತು. ಬ್ಯಾಗು ಸೋಫಾದ ಹಿಂದೆ, ತಂತಿ ಮೇಲೆ ಬರುವ ಮೂಲೆಯಲ್ಲಿ, ಅವಳು ಬಿಚ್ಚಿಟ್ಟ ಜಾಗದಲ್ಲೇ.

ಗಾಳಿಗೆಂದು ಹಿತ್ತಿಲ ಗೋಡೆಯಲ್ಲಿ ಮುಷ್ಟಿಯಷ್ಟು ಅಗಲದ ಕಂಡಿಗಳಿದ್ದವು. ಅಲ್ಲಿಗೂ ತೆವಳಿ ಹೋಗಿ ಕೂಗಿದಳು. ಎದುರಿಗೆ ಪಕ್ಕದ ಗೋದಾಮಿನ ಕುರುಡು ಗೋಡೆ. ಬೀದಿಯ ಯಂತ್ರ ಗಡಗಡ ಎಂದು ಅವಳ ಕೂಗನ್ನು ಹಾಗೇ ನುಂಗಿಹಾಕಿತು.

ಒಂದು ತಿಂಗಳು. ಈ ಮನೆಗೆ ಬೀಗ ಬಿದ್ದರೆ ಒಂದು ತಿಂಗಳು ತೆಗೆಯುವವರಿಲ್ಲ. ಅವಳು ಯಾರ ಮನೆಗೆ ಹೋಗುತ್ತಾಳೆಂದು ಮನೆಯಲ್ಲಿ ಯಾರಿಗೂ ಹೇಳಿ ಬರುವವಳಲ್ಲ. ಗಂಡನಿಗೆ ಗೊತ್ತಿರುವುದು ‘ಕೆಲಸಕ್ಕೆ ಹೋಗಿದ್ದಾಳೆ’ ಎಂಬಷ್ಟೇ. ಸ್ಕೂಟರು ನಿಂತಿರುವುದು ಬೇರೆಯೇ ರಸ್ತೆಯಲ್ಲಿ. ಹುಡುಕುವವರು ಹುಡುಕುವುದಾದರೂ ಎಲ್ಲಿ?

ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡಳು. ಏನನ್ನೋ ಯೋಚಿಸಿ ಮಾಡಿದ್ದಲ್ಲ. ಮನುಷ್ಯರ ದನಿ ಬೇಕಾಗಿತ್ತು, ಅಷ್ಟೇ. ಎಷ್ಟು ಸ್ಪಷ್ಟವಾಗಿ ಕೇಳಿತೆಂದರೆ, ಮಿಲ್ಲಮ್ಮ ಪಕ್ಕದಲ್ಲೇ ಮಲಗಿ ಮಾತಾಡುತ್ತಿದ್ದಂತಿತ್ತು.

“ಹಸಿರು ಸೀರೆ ಇಟ್ಟೆ. ಮಗುವಿನ ಟೋಪಿ ಇಟ್ಟೆ. ಹಲ್ಲುಜ್ಜೋ ಬ್ರಷ್ಷು... ಅದನ್ನ ಕೊನೇಗೆ. ಟ್ಯಾಕ್ಸಿಯವನು ಬರೋದ್ರೊಳಗೆ ಗ್ಯಾಸ್ ಬಂದ್ ಮಾಡಬೇಕು, ನಲ್ಲಿ ನೋಡಬೇಕು, ಹೋಗುವಾಗ ಮೇನ್ ಸ್ವಿಚ್ ಆಫ್ ಮಾಡಬೇಕು...”

ಮೇನ್ ಸ್ವಿಚ್ ಆಫ್ ಆದರೆ ಈ ದನಿಯೂ ನಿಲ್ಲುತ್ತದೆ. ಆಮೇಲೆ ಕತ್ತಲು, ತಾನು, ಮಣ್ಣು.

ದನಿ ಬಂದ ಕಡೆಗೆ, ಅಂದರೆ ಪಡಸಾಲೆಯ ಕೆಳಗೆ ತೆವಳಿ ಹೋಗಿ, ಸುತ್ತಿಗೆಯಿಂದ ತಲೆಯ ಮೇಲಿನ ಹಲಗೆಗೆ ಶಕ್ತಿಮೀರಿ ಬಡಿದಳು. ಕೂಗು ದಪ್ಪ ಕಾರ್ಪೆಟ್ಟು ದಾಟಿ ಮೈಕಿಗೆ ಮುಟ್ಟದು, ಕಾಲಿಗಾದರೂ ತಿಳಿಯಲಿ ಎಂದು. ದಡ್, ದಡ್, ದಡ್. ಕಿವಿಯಲ್ಲಿ ಮಿಲ್ಲಮ್ಮನ ದನಿ ಬಂತು.

“ಹಾಳಾದವರು, ಇನ್ನೂ ನಿಲ್ಲಿಸಿಲ್ಲ ನೋಡು! ಬೀದಿ ಅಗೀತಾರೋ ನನ್ನ ಮನೆ ಅಗೀತಾರೋ!”

ವೈರಕ್ಕ ಮತ್ತೂ ಬಡಿದಳು. ಕೈ ಸೋತು ಸುತ್ತಿಗೆ ಜಾರಿ ಅವಳ ಎದೆಯ ಮೇಲೆಯೇ ಬಿತ್ತು. ಆಗ ಅವಳಿಗೆ ಅಳು ಬಂತು. ಮಲಗಿಕೊಂಡು ಅತ್ತರೆ ಕಣ್ಣೀರು ಕಿವಿಗೆ ಇಳಿಯುತ್ತದೆ; ಇಯರ್‌ಫೋನು ಒದ್ದೆಯಾದೀತೆಂದು ಒರೆಸಿಕೊಂಡಳು. ಅಷ್ಟು ಭಯದಲ್ಲೂ ಕಸುಬಿನ ಬುದ್ಧಿ ಹೋಗಿರಲಿಲ್ಲ. ಹಾಗೆ ಒರೆಸಿಕೊಳ್ಳುತ್ತಿದ್ದಾಗಲೇ ಮೇಲೆ ಹಲಗೆಗೆ ಅಂಟಿಕೊಂಡು ಹೋದ ಬಿಳಿಯ ತಂತಿ ಟಾರ್ಚಿನ ಬೆಳಕಿಗೆ ಕಂಡಿತು. ಅವಳೇ ಎಳೆದ ತಂತಿ. ಮಿಲ್ಲಮ್ಮನ ಕಿವಿಗೆ ಈಗ ಹೋಗುತ್ತಿದ್ದದ್ದು ಅದೊಂದೇ ದಾರಿ.

ಇಕ್ಕಳ ತೆಗೆದು ತಂತಿಯನ್ನು ಕತ್ತರಿಸಿದಳು.

ಕಿವಿಯಲ್ಲಿ ಟಿವಿಯ ಸದ್ದು ಕತ್ತರಿಸಿದಂತೆ ನಿಂತಿತು. ಇಲ್ಲಿ ನಿಂತರೆ ಅಲ್ಲೂ ನಿಂತಂತೆ. ಆದರೆ ಅವಳ ಮಟ್ಟಿಗೂ ಮೇಲಿನ ಲೋಕ ಆರಿಹೋಯಿತು; ಮಿಲ್ಲಮ್ಮ ಏನೆನ್ನುತ್ತಿದ್ದಾಳೆ, ಕೂತಿದ್ದಾಳೋ ಎದ್ದಳೋ ಒಂದೂ ತಿಳಿಯದು. ತುದಿಗಳ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ಸುಲಿದು, ತಾಮ್ರಕ್ಕೆ ತಾಮ್ರ ಮುಟ್ಟಿಸಿದಳು. ದನಿ ಮರಳಿತು.

“...ಏನಾಯ್ತಿದಕ್ಕೆ?”

ಬಿಡಿಸಿದಳು. ಮುಟ್ಟಿಸಿದಳು. ಬಿಡಿಸಿದಳು. ಮುಟ್ಟಿಸಿದಳು. ಸೂಚನೆ ಕೊಡುವವರಂತೆ ಒಂದೇ ಲಯದಲ್ಲಿ, ‘ನಾನು, ನಾನು, ನಾನು’ ಎನ್ನುವ ಹಾಗೆ. ಇದನ್ನು ಯಾರೋ ಮಾಡುತ್ತಿದ್ದಾರೆಂದು ತಿಳಿಯಬಾರದೇ ಆ ಹೆಂಗಸಿಗೆ?

“ಇವತ್ತೇ ಹಾಕಿದ್ದು, ಇವತ್ತೇ ಕೆಟ್ಟುಹೋಯ್ತಲ್ಲಾ!” ಮಿಲ್ಲಮ್ಮನ ದನಿ ಏರಿತು. “ಬಂದ್... ಬಂತು... ಮತ್ತೆ ಬಂದ್! ಥೂ, ಇದರ ಮುಖ ಮುಚ್ಚ! ಎಲ್ಲಾದರೂ ಬೆಂಕಿಗಿಂಕಿ ಹತ್ತಿಕೊಂಡರೆ? ಮನೇಲಿ ಯಾರೂ ಇರಲ್ಲ. ಈಗಲೇ ಆಫ್ ಮಾಡಿಬಿಡೋದೇ ವಾಸಿ.”

ವೈರಕ್ಕ ಬಿಡಿಸುವುದನ್ನು ನಿಲ್ಲಿಸಿದಳು. ತುದಿಗಳನ್ನು ಒತ್ತಿ ಹಿಡಿದು ಅಲ್ಲಾಡದೆ ಮಲಗಿದಳು. ಬೇಡ, ಅಮ್ಮಾ, ಬೇಡ. ಆಫ್ ಮಾಡಬೇಡ. ಇನ್ನು ಮುಟ್ಟಲ್ಲ ನಾನು, ಬೇಡ. ಮೇಲೆ ಕಪಾಟಿನ ಹತ್ತಿರ ಮಿಲ್ಲಮ್ಮ ಬಂದ ಗುರುತು, ಉಸಿರಾಟ ದೊಡ್ಡದಾಯಿತು. ಬೆರಳು ಡಬ್ಬಿಗೆ ತಾಗಿದ ಸದ್ದು.

“ಹಾಂ, ಇಲ್ಲೇ ಅಂಟಿಸಿದ್ದಾಳಲ್ಲ ನಂಬರು. ಇರು, ಕರೆದು ಬೈತೀನಿ. ಹೇಳದೇ ಓಡಿಹೋಗ್ತಾಳಂತೆ.”

ಬೈಯಿ, ತಾಯೀ, ಬೈಯಿ! ವೈರಕ್ಕನಿಗೆ ಒಮ್ಮೆಗೇ ಹೊಳೆಯಿತು: ಫೋನು ಮೇಲಿದೆ. ಅದೇ ಕೋಣೆಯಲ್ಲಿದೆ. ಅದು ರಿಂಗಾದರೆ ಮೈಕು ಅದನ್ನು ಹಿಡಿಯುತ್ತದೆ, ಮೈಕು ಹಿಡಿದದ್ದು ತಂತಿಗೆ ಬರುತ್ತದೆ, ತಂತಿಗೆ ಬಂದದ್ದು ಮಿಲ್ಲಮ್ಮನ ಕಿವಿಗೆ. ತಂತಿ ಒಂದಾಗಿರಬೇಕು, ಅಷ್ಟೇ. ಬೆರಳುಗಳು ಬೆವರಿಗೆ ಜಾರುತ್ತಿದ್ದವು. ಎಳೆಗಳನ್ನು ಒಂದಕ್ಕೊಂದು ಹೊಸೆದು ಬಿಗಿದಳು. ತಾಮ್ರದ ಒಂದು ಸಿಗುರು ಉಗುರಿನ ಸಂದಿಗೆ ಹೊಕ್ಕಿತು. ನೋವು ಗೊತ್ತಾಗಲಿಲ್ಲ.

ಆಗ ಫೋನು ರಿಂಗಾಯಿತು.

ವೈರಕ್ಕನ ಮಗಳಿಗೆ ನಾಲ್ಕು ವರ್ಷ. ಅಮ್ಮ ಫೋನೆತ್ತುವುದೇ ಇಲ್ಲವೆಂದು ಸಿಟ್ಟಾಗಿ, ತನ್ನ ದನಿಯನ್ನೇ ಅದರ ರಿಂಗಿನ ಸದ್ದಾಗಿ ಹಾಕಿಸಿದ್ದಳು. “ಅಮ್ಮಾ... ಎಲ್ಲಿದ್ದೀಯಾ? ಅಮ್ಮಾ... ಎತ್ತಮ್ಮಾ!” ಎಂದು ರಾಗ ಎಳೆಯುವ ದನಿ. ನೆಲದ ಕೆಳಗಿನ ಆ ಕತ್ತಲಲ್ಲಿ ಅದು ಕಿವಿಯೊಳಗೆ ಕೇಳಿದಾಗ ವೈರಕ್ಕ ಕೈಯನ್ನು ಬಾಯಿಗೆ ಒತ್ತಿಕೊಂಡಳು.

ಮೇಲೆ ಮಿಲ್ಲಮ್ಮ ಕಿಟಾರನೆ ಕಿರುಚಿದಳು.

“ಯಾರು? ಯಾರದು? ಯಾರ ಮಗು?”

“ಅಮ್ಮಾ... ಎಲ್ಲಿದ್ದೀಯಾ?”

ಏನೋ ಬಿದ್ದು ಒಡೆಯಿತು. ಲೂಪಿನಲ್ಲಿ ಕೇಳುವ ದನಿಗೆ ದಿಕ್ಕಿರುವುದಿಲ್ಲ. ಅದು ಎಡದಿಂದಲ್ಲ, ಬಲದಿಂದಲ್ಲ, ತಲೆಯ ನಟ್ಟನಡುವೆ ಹುಟ್ಟುತ್ತದೆ. ಎಷ್ಟೋ ವರ್ಷಗಳಿಂದ ಮಗುವಿನ ದನಿಯನ್ನೇ ಕೇಳದವಳ ತಲೆಯೊಳಗೆ, ಯಾರೂ ಇಲ್ಲದ ಮನೆಯಲ್ಲಿ, ಒಂದು ಮಗು ಅಮ್ಮನನ್ನು ಕರೆಯುತ್ತಿತ್ತು. “ದೇವರೇ, ದೇವರೇ” ಎಂದು ಮಿಲ್ಲಮ್ಮ ತೊದಲುವುದು ಕೇಳಿತು. ಆಮೇಲೆ ಮೇಜಿನ ಮೇಲೆ ಪುಟ್ಟದೇನೋ ಎರಡು ಬಾರಿ ಟಕ್, ಟಕ್ ಎಂದಿತು. ವೈರಕ್ಕನಿಗೆ ಆ ಸದ್ದಿನ ಗುರುತು ಚೆನ್ನಾಗಿತ್ತು. ಕಿವಿಯ ಯಂತ್ರಗಳನ್ನು ಕಿತ್ತಿಟ್ಟ ಸದ್ದು.

ಮಗಳು ಇನ್ನೂ ಎರಡು ಬಾರಿ ಕರೆದು ಸುಮ್ಮನಾದಳು.

ಇದಕ್ಕಿಂತ ಭಯದ ಗಳಿಗೆ ವೈರಕ್ಕನ ಬಾಳಿನಲ್ಲಿ ಇನ್ನೊಂದು ಬರಲಿಲ್ಲ. ಇಷ್ಟು ಹೊತ್ತು ಒಂದು ತಂತಿಯಷ್ಟು ದಾರಿ ಇತ್ತು. ಈಗ ಅದೂ ಇಲ್ಲ. ಹೆದರಿದ ಹೆಂಗಸು ಮನೆ ಬಿಟ್ಟು ಓಡುತ್ತಾಳೆ. ಟ್ಯಾಕ್ಸಿ ಬರುವವರೆಗೆ ಬೀದಿಯಲ್ಲೇ ನಿಲ್ಲುತ್ತಾಳೆ. ಮೇನ್ ಸ್ವಿಚ್ಚನ್ನು ಎಳೆದು, ಬಾಗಿಲಿಗೆ ಬೀಗ ಹಾಕಿ... ವೈರಕ್ಕ ಉಸಿರು ಬಿಗಿಹಿಡಿದು ಕೇಳಿದಳು. ಟಿವಿಯಲ್ಲಿ ಯಾರೋ ಸೌಟು ಆಡಿಸುತ್ತಿದ್ದರು. ಅದರ ಹಿಂದೆ ಮಿಲ್ಲಮ್ಮನ ಏದುಸಿರು. ಹೋಗಿಲ್ಲ. ಇನ್ನೂ ಅಲ್ಲೇ ಇದ್ದಾಳೆ.

“ಮಗು ಅಂದ್ರೆ ಮಗು” ಎಂದಳು ಮಿಲ್ಲಮ್ಮ. “ದೆವ್ವ ಆದರೂ ಅಮ್ಮಾ ಅಂತ ಕರೀತಲ್ಲ. ಅಮ್ಮಾ ಅಂತ ಕರೆದಿದ್ದನ್ನ ಬಿಟ್ಟು ಎಲ್ಲಿಗೇ ಹೋಗ್ತೀಯಾ?” ಬೇರೆ ಯಾರನ್ನೋ ಗದರುವವಳಂತೆ ತನ್ನನ್ನೇ ಗದರಿಕೊಂಡಳು. ಆಮೇಲೆ ಮೇಜಿನಿಂದ ಯಂತ್ರಗಳನ್ನು ಮತ್ತೆ ಎತ್ತಿಕೊಂಡ ಸದ್ದು. “ಫೋನು ಹಚ್ಚಿದಾಗ ಬಂತು. ಫೋನು ನಿಂತ ಮೇಲೆ ಈಗ ಇಲ್ಲ. ಇರು, ಇನ್ನೊಂದು ಸಲ ಹಚ್ತೀನಿ. ಬಾ, ಅದೇನು ಮಗುವೋ ನೋಡೇಬಿಡ್ತೀನಿ.”

“ಅಮ್ಮಾ... ಎಲ್ಲಿದ್ದೀಯಾ?”

ಈ ಸಲ ಕಿರುಚಲಿಲ್ಲ. ಕಪಾಟು ತೆಗೆದ ಸದ್ದು, ಪರದೆ ಎಳೆದ ಸದ್ದು, ಸೋಫಾ ಎಳೆದ ಸದ್ದು. ಆಮೇಲೆ ಬ್ಯಾಗಿನ ಜಿಪ್ಪು. ಮಗಳ ದನಿ ಒಮ್ಮೆಗೇ ಹತ್ತಿರವಾಗಿ, ದೊಡ್ಡದಾಗಿ ಕೇಳಿತು.

“ಇದು ಅವಳ ಫೋನು” ಎಂದಳು ಮಿಲ್ಲಮ್ಮ ನಿಧಾನವಾಗಿ. “ಬ್ಯಾಗೂ ಇಲ್ಲೇ ಇದೆ. ಸ್ಕೂಟರಿನ ಕೀಲಿಯೂ ಇದೆ. ಹಾಗಾದ್ರೆ ಇವಳು...”

ಟಿವಿಯಲ್ಲಿ ಯಾರೋ ನಕ್ಕರು.

“ಅಯ್ಯೋ ನನ್ನ ತಾಯೀ!”

ತಲೆಯ ಮೇಲೆ ದಡದಡ ಹೆಜ್ಜೆ. ಗರಗರ, ಗರಗರ, ಈ ಸಲ ನಡುವೆ ನಿಲ್ಲದೆ. ಬಾಗಿಲು ಎದ್ದಿತು. ಬೆಳಕು ಬಿದ್ದಲ್ಲಿಗೆ ವೈರಕ್ಕ ಹೇಗೆ ತೆವಳಿ ಬಂದಳೋ ಅವಳಿಗೇ ನೆನಪಿಲ್ಲ. ಮಿಲ್ಲಮ್ಮ ನೆಲದ ಮೇಲೆ ಬೋರಲಾಗಿ ಮಲಗಿ, ಎರಡೂ ಕೈ ಕೆಳಗೆ ಚಾಚಿ, ಅವಳ ಏಪ್ರನ್ನನ್ನು ಹಿಡಿದು ಎಳೆದಳು. ಮಗ್ಗ ನಡೆಸಿದ ಕೈಗಳು, ಕೂಸನ್ನೆತ್ತಿದಂತೆ ಎತ್ತಿದವು.

ಇಬ್ಬರೂ ನಡುಮನೆಯ ನೆಲದ ಮೇಲೆ ಕೂತರು. ಮಿಲ್ಲಮ್ಮ ವೈರಕ್ಕನ ಕೂದಲಿನ ಜೇಡರ ಬಲೆ ತೆಗೆಯುತ್ತ ಬೈಯುತ್ತಲೇ ಇದ್ದಳು, ಅಳುತ್ತಲೂ ಇದ್ದಳು. “ಒಂದು ಮಾತು ಹೇಳಿ ಇಳಿಯೋಕೆ ಏನಾಗಿತ್ತು ನಿನಗೆ? ನನ್ನ ಮುಂದೆ ಬಂದು, ಈ ಮುಖಕ್ಕೆ ಮುಖ ಕೊಟ್ಟು? ನಾನು ಕೊಲೆಗಾತಿ ಆಗಿಬಿಡ್ತಿದ್ದೆನಲ್ಲೇ! ಮೊಮ್ಮಗೂನ ಎತ್ತಿಕೊಂಡು ಆಡಿಸ್ತಾ ಕೂತಿರ್ತಿದ್ದೆ, ನೀನು ಇಲ್ಲಿ...”

ಟ್ಯಾಕ್ಸಿಯವನು ತಿರುವಿನಲ್ಲೇ ನಿಂತು ಹಾರ್ನ್ ಹೊಡೆದು ಹೊಡೆದು ಬಾಗಿಲಿಗೆ ಬಂದ. ಧೂಳು ಮೆತ್ತಿದ ಇಬ್ಬರು ಹೆಂಗಸರು ನೆಲದ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತದ್ದು ನೋಡಿ, “ಏನಾಯ್ತು, ಯಾರು ಹೋದರು?” ಎಂದು ಕೇಳಿದ.

“ಯಾರೂ ಹೋಗಲಿಲ್ಲಪ್ಪಾ” ಎಂದಳು ಮಿಲ್ಲಮ್ಮ ಅವನ ತುಟಿ ಓದಿಕೊಂಡು. “ನೀನು ಹೋಗು. ನಾನು ನಾಳೆ ಹೋಗ್ತೀನಿ.”

ಆ ಸಂಜೆ ತನ್ನ ಗಂಡ ಬಂದು ಕರೆದುಕೊಂಡು ಹೋಗುವವರೆಗೂ ವೈರಕ್ಕ ಆ ಸೋಫಾದಿಂದ ಏಳಲಿಲ್ಲ. ಆಮೇಲೂ ಬಹಳ ದಿನ ಅವಳಿಗೆ ಬಾಗಿಲು ಹಾಕಿಕೊಂಡು ಸ್ನಾನ ಮಾಡಲಾಗಲಿಲ್ಲ. ಮಗಳನ್ನು ಬಚ್ಚಲ ಬಾಗಿಲಲ್ಲಿ ಕೂರಿಸಿ, ಹಾಡು ಹೇಳು ಎನ್ನುತ್ತಿದ್ದಳು. ನೆಲದ ಕೆಳಗಿನ ಕೆಲಸ ಬಂದರೆ, ಚಾವಣಿಯ ಅಂಚಿನಲ್ಲೇ ಎಳೆದುಕೊಡ್ತೀನಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎಂದುಬಿಡುತ್ತಿದ್ದಳು.

ಆದರೆ ಮಿಲ್ಲಮ್ಮನ ಮನೆಯ ತಂತಿಯನ್ನು ಹಾಗೆ ಬಿಡುವಂತಿರಲಿಲ್ಲ. ಹೊಸೆದ ಗಂಟು ಎಂದಿದ್ದರೂ ಸಡಿಲವಾಗುವುದೇ, ಬೆಸುಗೆ ಹಾಕಲೇಬೇಕು. ತಾಯಿ ಮಗುವನ್ನು ಗಂಡನ ಜೊತೆ ಬರಲು ಬಿಟ್ಟು ಮಿಲ್ಲಮ್ಮ ಮೊದಲೇ ಮರಳಿದ್ದಳು; ಮಗು ಬರುವ ಹಿಂದಿನ ದಿನ ವೈರಕ್ಕ ಹೋದಳು. ಹೊಲಿಗೆ ಮಿಷನ್ನನ್ನು ಮಿಲ್ಲಮ್ಮ ಆಗಲೇ ಯಾರಿಗೋ ಕೊಟ್ಟುಬಿಟ್ಟಿದ್ದಳು. ತೆರೆದ ಬಾಗಿಲ ಮುಂದೆ ವೈರಕ್ಕ ನಿಂತಳು. ಇಳಿಯಲಾಗಲಿಲ್ಲ. ಒಂದು ಲೋಟ ನೀರು ಕುಡಿದಳು, ಮತ್ತೆ ನಿಂತಳು, ಆಗಲೂ ಆಗಲಿಲ್ಲ.

ಮಿಲ್ಲಮ್ಮ ಒಳಗೆ ಹೋಗಿ ಬಟ್ಟೆ ಒಣಹಾಕುವ ಹಗ್ಗ ತಂದಳು. ಒಂದು ತುದಿಯನ್ನು ವೈರಕ್ಕನ ಸೊಂಟಕ್ಕೆ ಕಟ್ಟಿ, ಇನ್ನೊಂದನ್ನು ತನ್ನ ಮಣಿಕಟ್ಟಿಗೆ ಸುತ್ತಿಕೊಂಡು, ಬಾಗಿಲ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು.

“ಎಮ್ಮೆ ಕಟ್ಟಿದ ಹಾಗಾಯ್ತಲ್ಲಮ್ಮಾ” ಎಂದಳು ವೈರಕ್ಕ, ಅವಳ ಮುಖ ನೋಡಿ.

“ಎಮ್ಮೆಗಿರೋ ಬುದ್ಧಿ ನಿನಗಿದ್ದಿದ್ರೆ ಹಗ್ಗ ಯಾಕೆ ಬೇಕಿತ್ತು? ಹೋಗು. ನಾನು ಎಳೀತಾ ಇರ್ತೀನಿ, ನೀನೂ ಎಳಿ. ನೀನು ಎಳೀಲಿಲ್ಲ ಅಂದ್ರೆ ನಾನೇ ಇಳಿದು ಬರ್ತೀನಿ.”

ವೈರಕ್ಕ ಇಳಿದಳು. ಕಂಬ ದಾಟಿದಳು. ಎದೆ ಡವಗುಟ್ಟುತ್ತಲೇ ಇತ್ತು. ಅದು ಕೊನೆಯವರೆಗೂ ನಿಲ್ಲಲಿಲ್ಲ. ಆದರೆ ಸೊಂಟದಲ್ಲಿ ಹಗ್ಗ ಒಮ್ಮೆ ಜಗ್ಗಿದಾಗ ಅವಳು ತಿರುಗಿ ಜಗ್ಗಿದಳು, ಮತ್ತೆ ಜಗ್ಗಿದಾಗ ಮತ್ತೆ ಜಗ್ಗಿದಳು. ಹಾಗೆ ಜಗ್ಗಿಕೊಂಡೇ ತುದಿಗಳನ್ನು ಬೆಸೆದು, ಟೇಪು ಸುತ್ತಿ, ಹಿಂದಕ್ಕೆ ತೆವಳಿ ಬಂದಳು.